ಕೊನೆಯ ಹದಿನೈದು ನಿಮಿಷ

ನಮ್ಮ ಯೋಗ ತರಗತಿಗಳಲ್ಲಿ ಸಮಯ ಸಾಲದೆ ಬಂದಾಗ ಮೊದಲು ಕತ್ತರಿ ಬೀಳುವುದು ಶವಾಸನಕ್ಕೆ. ಸೂರ್ಯನಮಸ್ಕಾರದಲ್ಲಿ ಒಂದು ಸುತ್ತೂ ಕಡಿಮೆಯಾಗುವ ಹಾಗಿಲ್ಲ. ತ್ರಿಕೋನಾಸನ, ಪಶ್ಚಿಮೋತ್ತಾನಾಸನ ಯಾವುದೂ ತಪ್ಪುವ ಹಾಗಿಲ್ಲ. ಗಂಟೆ ಏಳಾಗುತ್ತ ಬಂತೆಂದರೆ ‘ಎಲ್ಲರೂ ಎರಡು ನಿಮಿಷ ಮಲಗಿ’ ಎಂಬ ಮಾತು ಬರುತ್ತದೆ. ಆ ಎರಡು ನಿಮಿಷದಲ್ಲೂ ಹಿಂದಿನ ಸಾಲಿನ ಕೆಲವರು ಮ್ಯಾಟ್ ಸುತ್ತಿಕೊಂಡು ಬಾಗಿಲ ಕಡೆ ಹೊರಟಿರುತ್ತಾರೆ. ಅವರ ಅವಸರ ನನಗೆ ಅರ್ಥವಾಗುತ್ತದೆ. ಬೆಳಗಿನ ಮನೆಗೆಲಸ ಯಾರಿಗೂ ಕಾಯುವುದಿಲ್ಲ. ಆದರೂ ಹೇಳದೆ ಇರಲಾರೆ: ಬೇಕಾದರೆ ಎರಡು ಆಸನ ಬಿಡಿ, ಇದನ್ನು ಬಿಡಬೇಡಿ. ಮೈ ಬಗ್ಗಿಸುವುದನ್ನು ಹೇಗೆ ಕಲಿಯುತ್ತೇವೋ ಹಾಗೆಯೇ ಸುಮ್ಮನಿರುವುದನ್ನೂ ಕಲಿಯಬೇಕು. ಅದಕ್ಕೂ ಅಷ್ಟೇ ಸಮಯ ಬೇಕು, ಅಷ್ಟೇ ಸಾಧನೆ ಬೇಕು.

ಹದಿನೈದನೇ ಶತಮಾನದ ಹಠಯೋಗ ಪ್ರದೀಪಿಕೆಯಲ್ಲಿ ಸ್ವಾತ್ಮಾರಾಮ ಶವಾಸನಕ್ಕೆ ಒಂದೇ ಶ್ಲೋಕ ಕೊಟ್ಟಿದ್ದಾನೆ. ಹೆಣದಂತೆ ನೆಲದ ಮೇಲೆ ಅಂಗಾತ ಮಲಗುವುದು, ಅದರಿಂದ ದಣಿವಾರಿ ಚಿತ್ತಕ್ಕೆ ವಿಶ್ರಾಂತಿ ಸಿಗುವುದು, ಇಷ್ಟೇ ಅದರ ಸಾರ. ಘೇರಂಡ ಸಂಹಿತೆಯ 32 ಆಸನಗಳಲ್ಲಿ ಇದು ಮೃತಾಸನ ಎಂಬ ಹೆಸರಿನಲ್ಲಿದೆ. ಹೇಗೆ ಮಲಗಬೇಕು ಎಂಬ ಸೂಕ್ಷ್ಮಗಳನ್ನು ಬಿಡಿಸಿ ಬರೆದವರು ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನವರು. 1918ರಲ್ಲಿ ಅಲ್ಲಿ ಹುಟ್ಟಿ, ಮೈಸೂರಿನಲ್ಲಿ ತಿರುಮಲೈ ಕೃಷ್ಣಮಾಚಾರ್ಯರ ಬಳಿ ಕಲಿತು, ಪುಣೆಯಲ್ಲಿ ನೆಲೆಸಿದ ಬಿ.ಕೆ.ಎಸ್. ಅಯ್ಯಂಗಾರ್. 1966ರಲ್ಲಿ ಬಂದ ಅವರ ‘ಲೈಟ್ ಆನ್ ಯೋಗ’ ತೆರೆದವರು ಹಿಂದಕ್ಕೆ ಬಾಗಿ ಪಾದವನ್ನು ತಲೆಗೆ ತಾಗಿಸಿದ ಚಿತ್ರಗಳ ಮುಂದೆ ಬೆರಗಾಗಿ ನಿಂತುಬಿಡುತ್ತಾರೆ. ಆಸನಗಳ ಸಾಲಿನ ಕೊನೆಯಲ್ಲಿ ಅವರು ಇಟ್ಟದ್ದು ಶವಾಸನವನ್ನು. ನೋಡಲು ಸುಲಭವೆನಿಸುವ ಇದೇ ಕೈಗೂಡುವುದು ಬಲು ಕಷ್ಟ ಎನ್ನುತ್ತಾರೆ. ಕಣ್ಣ ಮೇಲೆ ನಾಲ್ಕು ಮಡಿಕೆಯ ಕಪ್ಪು ಬಟ್ಟೆ ಇರಲಿ, ಕೆಳದವಡೆ ಸಡಿಲವಾಗಿರಲಿ, ನಾಲಿಗೆ ಅಲುಗದಿರಲಿ, ಬಿಡುವ ಉಸಿರು ಮೂಗಿನ ಹೊಳ್ಳೆಗೆ ಬಿಸಿ ತಾಕದಷ್ಟು ಸಣ್ಣಗಿರಲಿ ಎಂದು ಒಂದೊಂದನ್ನೂ ಹೇಳುತ್ತಾರೆ. ಸಮಯ, 15ರಿಂದ 20 ನಿಮಿಷ. ಆ ಮೂಗಿನ ಹೊಳ್ಳೆಯ ಮಾತು ಓದಿದ ಮೇಲೆ ನಾನು ಶವಾಸನದಲ್ಲಿ ಮೊದಲು ಗಮನಿಸುವುದು ಅದನ್ನೇ. ಬಿಸಿ ತಾಕುತ್ತಿದ್ದರೆ ಒಳಗೆ ಇನ್ನೂ ಓಟ ನಿಂತಿಲ್ಲ ಎಂದು ಗೊತ್ತಾಗುತ್ತದೆ.

ನಮ್ಮ ತರಗತಿಗೆ ಹಿರಿಯರೊಬ್ಬರು ಬರುತ್ತಾರೆ, ಬಸ್ ಡ್ರೈವರ್ ಆಗಿ ನಿವೃತ್ತರಾದವರು. ಅವರು ಅಂಗಾತ ಮಲಗಿದರೆ ಎಡಪಾದ ತನ್ನಷ್ಟಕ್ಕೆ ಹೊರಮಗ್ಗುಲಿಗೆ ವಾಲುತ್ತಿತ್ತು. ಬಲಪಾದ ಮಾತ್ರ ನೆಟ್ಟಗೆ ನಿಂತು, ಬೆರಳುಗಳು ಮುಂದಕ್ಕೆ ಒತ್ತಿಕೊಂಡಿರುತ್ತಿದ್ದವು. ಅಂಗೈ ಮೇಲ್ಮುಖವಾಗಿದ್ದರೂ ಕೈಬೆರಳುಗಳು ಅರ್ಧ ಮಡಚಿಕೊಂಡೇ ಇರುತ್ತಿದ್ದವು. ಒಂದು ದಿನ ಟೀಚರ್ ಅವರ ಪಕ್ಕ ಕೂತು, “ಅಂಕಲ್, ಬಲಗಾಲು ಸ್ವಲ್ಪ ಸಡಿಲ ಬಿಡಿ” ಎಂದರು.

“ಬಿಟ್ಟೇ ಇದೀನಲ್ಲಮ್ಮಾ.”

ಅವರು ಸುಳ್ಳು ಹೇಳಲಿಲ್ಲ. ಆ ಕಾಲು ಬಿಗಿಯಾಗಿದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಟೀಚರ್ ಮತ್ತೆ ‘ಬಿಡಿ’ ಎನ್ನಲಿಲ್ಲ. ಬದಲಿಗೆ ಇನ್ನಷ್ಟು ಬಿಗಿ ಹಿಡಿಯಲು ಹೇಳಿದರು. ತೊಡೆ, ಮೀನಖಂಡ, ಹೆಬ್ಬೆರಳು ಎಲ್ಲವನ್ನೂ ಗಟ್ಟಿ ಮಾಡಿ, ಉಸಿರು ಬಿಡುತ್ತ ಒಟ್ಟಿಗೆ ಕೈಬಿಡಬೇಕು. ಪಾದ ಹೊರಕ್ಕೆ ವಾಲಿತು. ಸ್ವಲ್ಪ ಹೊತ್ತಿಗೆ ಮತ್ತೆ ನೆಟ್ಟಗಾಯಿತು. ಮತ್ತೆ ಬಿಗಿ, ಮತ್ತೆ ಸಡಿಲ. ತಿಂಗಳುಗಟ್ಟಲೆ ಇದು ನಡೆಯಿತು. ಈಗ ಅವರು ಮಲಗಿದ ಕೂಡಲೇ ಎರಡೂ ಪಾದ ಒಂದೇ ಹದದಲ್ಲಿ ಬಿದ್ದುಕೊಳ್ಳುತ್ತವೆ.

ನಮ್ಮೆಲ್ಲರಲ್ಲೂ ಇಂಥದ್ದೊಂದು ಬಿಗಿ ಎಲ್ಲೋ ಮನೆ ಮಾಡಿಕೊಂಡಿರುತ್ತದೆ. ಕಂಪ್ಯೂಟರ್ ಮುಂದೆ ದುಡಿಯುವವರ ಹೆಗಲು ಮಲಗಿದಾಗಲೂ ಕಿವಿಯ ಕಡೆ ಏರಿರುತ್ತದೆ. ಎಷ್ಟೋ ಹೆಂಗಸರ ಹುಬ್ಬಿನ ನಡುವಿನ ಗೆರೆ ಕಣ್ಣು ಮುಚ್ಚಿದರೂ ಅಳಿಸುವುದಿಲ್ಲ. ನನ್ನದು ದವಡೆಯಲ್ಲಿ, ಹಲ್ಲಿಗೆ ಹಲ್ಲು ಕಚ್ಚಿರುವುದು ನಾಲಿಗೆ ಕೆಳಗಿಳಿದ ಮೇಲೆಯೇ ತಿಳಿಯುತ್ತದೆ. ಎಲ್ಲಿ ಹಿಡಿದುಕೊಂಡಿದ್ದೇವೆ ಎಂದು ಕಾಣದ ಹೊರತು ಬಿಡುವುದು ಸಾಧ್ಯವಿಲ್ಲ. ಶವಾಸನದ ಮೊದಲ ಕೆಲಸ ಹೀಗೆ ಕಾಣುವುದೇ. ಎರಡು ನಿಮಿಷದಲ್ಲಿ ಅದು ಆಗುವ ಮಾತಲ್ಲ.

ಉಸಿರು ಬಿಡುವುದರ ಮೇಲೆ ಇಷ್ಟೊಂದು ಒತ್ತು ಕೊಡುವುದಕ್ಕೆ ಕಾರಣವಿದೆ. ಉಸಿರೆಳೆದಾಗ ಎದೆಬಡಿತ ತುಸು ಚುರುಕಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ವೇಗಸ್ ನರದ ಕೆಲಸ ಅದು. ಹೊರಹೋಗುವ ಉಸಿರು ಉದ್ದವಾದಷ್ಟೂ ಹೃದಯಕ್ಕೆ ವಿರಾಮ. 1969ರಲ್ಲಿ ಮುಂಬೈನ ಹೃದ್ರೋಗ ತಜ್ಞ ಡಾ. ಕೆ.ಕೆ. ದಾತೆ ಮತ್ತು ಸಂಗಡಿಗರು ರಕ್ತದೊತ್ತಡವಿದ್ದ 47 ಮಂದಿಗೆ ಶವಾಸನ ಮಾಡಿಸಿ ವರದಿ ಪ್ರಕಟಿಸಿದರು. ಹಲವರ ಒತ್ತಡ ಇಳಿದಿತ್ತು, ಕೆಲವರ ಔಷಧಿಯ ಪ್ರಮಾಣವೂ ತಗ್ಗಿತ್ತು. ಹಾಗೆಂದು ಮಾತ್ರೆಯನ್ನು ತಾವೇ ನಿಲ್ಲಿಸಬಾರದು, ಅದನ್ನು ವೈದ್ಯರೇ ಹೇಳಬೇಕು.

ಬೆಂಗಳೂರಿನ ಹೊರಗೆ ಜಿಗಣಿ ಬಳಿಯ ಪ್ರಶಾಂತಿ ಕುಟೀರದಲ್ಲಿ ಡಾ. ಎಚ್.ಆರ್. ನಾಗೇಂದ್ರ ಅವರ ಬಳಗ ಈ ವಿಷಯದಲ್ಲಿ ಮಾಡಿರುವ ಕೆಲಸ ದೊಡ್ಡದು. ಅವರ ಡಿ.ಆರ್.ಟಿ. (ಡೀಪ್ ರಿಲ್ಯಾಕ್ಸೇಶನ್ ಟೆಕ್ನಿಕ್) ನಮ್ಮ ರಾಜ್ಯದ ಎಷ್ಟೋ ತರಗತಿಗಳಲ್ಲಿ ಬಳಕೆಯಲ್ಲಿದೆ. ಕಾಲ್ಬೆರಳಿನಿಂದ ಸೊಂಟದವರೆಗೆ ಸಡಿಲಿಸಿ ಅಕಾರ, ಅಲ್ಲಿಂದ ಕುತ್ತಿಗೆಯವರೆಗೆ ಉಕಾರ, ತಲೆಗೆ ಮಕಾರ, ಕೊನೆಗೆ ಇಡೀ ಮೈಗೆ ಓಂಕಾರ. ಮಲಗಿಕೊಂಡು ಮಕಾರ ಹೇಳಿದಾಗ ಕಪಾಲದೊಳಗೆ ಏಳುವ ಕಂಪನವನ್ನು ಒಮ್ಮೆ ಅನುಭವಿಸಿ ನೋಡಬೇಕು. ಅವರದೇ ಇನ್ನೊಂದು ವಿಧಾನ ಆವರ್ತನ ಧ್ಯಾನ. ಜಡವಾದ ಮನಸ್ಸನ್ನು ಎಬ್ಬಿಸು, ಚದುರಿದ್ದನ್ನು ಶಾಂತಗೊಳಿಸು, ಸಮಸ್ಥಿತಿಗೆ ಬಂದದ್ದನ್ನು ಕದಲಿಸಬೇಡ ಎಂಬ ಗೌಡಪಾದರ ಮಾಂಡೂಕ್ಯ ಕಾರಿಕೆಯ ಉಪದೇಶ ಅದಕ್ಕೆ ಆಧಾರ. ಅದರಲ್ಲಿ ಆಸನ ಮತ್ತು ವಿಶ್ರಾಂತಿ ಒಂದಾದ ಮೇಲೊಂದು ಬರುತ್ತವೆ. 2000ದಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಬರೀ ಶವಾಸನದ ಬಳಿಕ ದೇಹ ಬಳಸುವ ಆಮ್ಲಜನಕ ಸುಮಾರು ಶೇ. 10ರಷ್ಟು ಇಳಿದಿದ್ದರೆ, ಆವರ್ತನ ಧ್ಯಾನದ ಬಳಿಕ ಸುಮಾರು ಶೇ. 32ರಷ್ಟು ಇಳಿದಿತ್ತು. ಶ್ರಮದ ಬೆನ್ನಿಗೇ ಬಂದ ವಿಶ್ರಾಂತಿ ಹೆಚ್ಚು ಆಳಕ್ಕೆ ಇಳಿಯುತ್ತದೆ. ಆಸನಗಳನ್ನೆಲ್ಲ ಶ್ರದ್ಧೆಯಿಂದ ಮಾಡಿ, ಅದರ ಫಲ ಕೈಗೆ ಸಿಗುವ ಹೊತ್ತಿಗೆ ಎದ್ದು ಹೋಗುವವರನ್ನು ಕಂಡರೆ ನನಗೆ ಸಂಕಟವಾಗುವುದು ಇದಕ್ಕೇ.

ನಿದ್ದೆ ಬಂದರೆ? ಬರುತ್ತದೆ, ಗೊರಕೆಯೂ ಬರುತ್ತದೆ. ದಣಿದ ಮೈ ನಿದ್ದೆ ಕೇಳಿದರೆ ಅದು ತಪ್ಪಲ್ಲ. ಆದರೆ ಸಾಧನೆ ಇರುವುದು ನಿದ್ದೆಯ ಈಚೆಯ ದಡದಲ್ಲಿ, ಎಚ್ಚರ ತಪ್ಪದೆ ಉಳಿಯುವುದರಲ್ಲಿ. ಮುಂಗೇರಿನ ಸ್ವಾಮಿ ಸತ್ಯಾನಂದ ಸರಸ್ವತಿಯವರು ರೂಪಿಸಿದ ಯೋಗನಿದ್ರೆಯಲ್ಲಿ ಬಲಗೈ ಹೆಬ್ಬೆರಳಿನಿಂದ ಶುರುಮಾಡಿ ಒಂದೊಂದು ಅಂಗಕ್ಕೂ ಗಮನವನ್ನು ಬೇಗ ಬೇಗ ಒಯ್ಯುವುದು ಇದಕ್ಕಾಗಿಯೇ. ಮನಸ್ಸಿಗೆ ತೂಕಡಿಸಲು ಬಿಡುವಿರುವುದಿಲ್ಲ, ಕೆದಕಲೂ ಬಿಡುವಿರುವುದಿಲ್ಲ.

ಇನ್ನೊಂದು ವಿಷಯವನ್ನು ಯಾರೂ ಮೊದಲೇ ಹೇಳಿರುವುದಿಲ್ಲ. ಮೈ ನಿಂತಾಗ, ದಿನವಿಡೀ ಓಡಾಟದಲ್ಲಿ ತಳ್ಳಿಟ್ಟದ್ದೆಲ್ಲ ಮೇಲೆ ಬರಬಹುದು. ತೀರಿಕೊಂಡವರ ಮುಖ, ಆಡಬಾರದಿದ್ದ ಮಾತು. ಕಣ್ಣಂಚಿನಿಂದ ಕಿವಿಯ ಕಡೆಗೆ ನೀರು ಹರಿದವರನ್ನು ನಾನು ನೋಡಿದ್ದೇನೆ. ಒರೆಸಿಕೊಳ್ಳುವ ಅವಸರ ಬೇಡ, ಸಮಾಧಾನದ ಮಾತೂ ಬೇಡ. ಉಸಿರು ಬಂದು ಹೋಗುವುದನ್ನು ನೋಡುತ್ತಿದ್ದರೆ ಅದೂ ಬಂದು ಹೋಗುತ್ತದೆ. ತೀರಾ ತಡೆಯಲಾಗದಿದ್ದರೆ ಕಣ್ಣು ತೆರೆದು ಎದ್ದು ಕೂರಬಹುದು.

ಮನೆಯಲ್ಲಿ ಮಾಡುವವರು ಹಾಸಿಗೆಯ ಮೇಲೆ ಮಲಗಬೇಡಿ, ಅಲ್ಲಿ ಮೈ ರೂಢಿಯಂತೆ ನಿದ್ದೆಗೆ ಜಾರುತ್ತದೆ. ನೆಲದ ಮೇಲೆ ಜಮಖಾನ ಸಾಕು. ಸೊಂಟ ನೋಯುವವರು ಮಂಡಿಯ ಕೆಳಗೆ ದಿಂಬು ಇಟ್ಟುಕೊಳ್ಳಿ. ತುಂಬು ಗರ್ಭಿಣಿಯರು ಅಂಗಾತ ಮಲಗದೆ ಎಡಮಗ್ಗುಲಾಗಿ ಮಲಗಬೇಕು. ಸುಮ್ಮನಿದ್ದಾಗ ಮೈ ತಣ್ಣಗಾಗುವುದರಿಂದ ಒಂದು ಹೊದಿಕೆ ಪಕ್ಕದಲ್ಲಿರಲಿ. ಫೋನು ಬೇರೆ ಕೋಣೆಯಲ್ಲಿರಲಿ. ಮುಗಿದ ಮೇಲೆ ಧಡಕ್ಕನೆ ಏಳಬಾರದು. ಬೆರಳುಗಳನ್ನು ಆಡಿಸಿ, ಬಲಮಗ್ಗುಲಿಗೆ ಹೊರಳಿ, ಕೆಲವು ಉಸಿರು ಅಲ್ಲೇ ಇದ್ದು, ಎಡಗೈ ಊರಿ ಮೊದಲು ಮೈ, ಕಡೆಗೆ ತಲೆ ಎತ್ತಬೇಕು.