ಅಯ್ಯೂರಿನ ಸುಟ್ಟ ಇಳಿಜಾರು

ದೇಂಕಣಿಕೋಟೆಯ ನ್ಯಾಯಾಲಯದ ಕೆಲಸ ಮುಗಿಸಿ ಮಧ್ಯಾಹ್ನ ಅಯ್ಯೂರಿನ ಕಾಡಿನತ್ತ ಹೊರಟೆ. ಕಾಡಿಗೆ ಬೆಂಕಿಯಿಟ್ಟ ಆರೋಪ ಹೊತ್ತ ಕುರಿಗಾಹಿಯೊಬ್ಬರ ವಕಾಲತ್ತು ನನ್ನಲ್ಲಿದೆ. ಸ್ಥಳ ಕಾಣದೆ ವಾದಿಸುವುದು ನನಗೆ ಒಗ್ಗದು.

ಬೇಸಿಗೆಯಲ್ಲಿ ಉರಿದ ಇಳಿಜಾರು ಎರಡೇ ಮಳೆಗೆ ಹಸಿರಾಗಿತ್ತು. ದೂರದಿಂದ ಕಂಡವರು ಕಾಡು ಮರಳಿತೆಂದು ಹಿಗ್ಗುವರು. ಹತ್ತಿರ ಹೋದರೆ ಎಲ್ಲವೂ ಲಂಟಾನ. ಬೆಂಕಿಗೆ ಅದರ ಕೊಂಬೆ ಸುಟ್ಟರೂ ಬುಡ ಬದುಕಿ ಚಿಗುರುತ್ತದೆ. ಒಣಗಿದಾಗ ಮುಂದಿನ ಬೆಂಕಿಗೆ ತಾನೇ ಸೌದೆಯಾಗುತ್ತದೆ. ಶ್ರೀಗಂಧದ ಪಾಡು ಬೇರೆ. ನೆರೆಗಿಡಗಳ ಬೇರಿನಿಂದ ಸಾರ ಹೀರಿ ಬೆಳೆಯಬೇಕಾದ ಅದರ ಎಳೆಯ ಸಸಿ ಒಂದೇ ಬೆಂಕಿಗೆ ಸಾಯುತ್ತದೆ. ದೊಡ್ಡ ಮರಗಳನ್ನು ಕಳ್ಳರು ಕಡಿದೊಯ್ದ ಕಡೆ ಬೀಜ ಉದುರುವುದಾದರೂ ಎಲ್ಲಿಂದ?

ಸೈಬೀರಿಯದಲ್ಲಿ ಯುಗಗಳಿಂದ ಹೆಪ್ಪುಗಟ್ಟಿದ ನೆಲವು ಕಾಡ್ಗಿಚ್ಚಿನ ಬಳಿಕ ಕರಗಿ ಕುಸಿದು, ಮರಗಳು ವಾಲಿ ಬೀಳುವುದುಂಟು. ನಮ್ಮಲ್ಲಿ ಹಿಮವಿಲ್ಲ; ಬೂದಿ ಬೆರೆತ ಮೇಲ್ಮಣ್ಣು ಮೊದಲ ಬಿರುಮಳೆಗೇ ಹಳ್ಳ ಸೇರುತ್ತದೆ.

ಕಾವೇರಿ ಉತ್ತರ ವನ್ಯಜೀವಿಧಾಮ 2014ರಲ್ಲಿ, ದಕ್ಷಿಣದ್ದು 2022ರಲ್ಲಿ ಘೋಷಿತವಾದವು. ಆನೆಗಳಿಗೆ ಅದು ಒಳಿತೇ, ನನ್ನ ತಕರಾರಿಲ್ಲ. ಆದರೆ ದಾರಿಯಲ್ಲಿ ಸಿಕ್ಕ ಹಿರಿಯರೊಬ್ಬರು ನಮ್ಮ ಕನ್ನಡದಲ್ಲೇ ಕೇಳಿದರು: "ಹಿಂದೆ ಹುಲ್ಲು ಪೂರಾ ಒಣಗೋ ಮುಂಚೆ ಸಣ್ಣ ಬೆಂಕಿ ಹಾಕ್ತಿದ್ವಿ, ಈ ಪೊದೆ ಇಷ್ಟಿರಲಿಲ್ಲ. ಈಗ ಹಾಕಿದ್ರೆ ಕೇಸು, ಬಿಟ್ರೆ ದೊಡ್ಡ ಬೆಂಕಿ. ಏನ್ ಮಾಡಾನ ಹೇಳಿ, ಲಾಯರ್ ಸ್ವಾಮಿ?"

ನಾನು 1882ರ ಅರಣ್ಯ ಕಾಯ್ದೆಯ ಮಾತೆತ್ತಿದೆ. ಅವರು ತಲೆಯಾಡಿಸಿ ಕುರಿಗಳ ಹಿಂದೆ ನಡೆದರು. ಮುಂದಿನ ವಾಯಿದೆಗೆ ಇನ್ನೂ ಒಂದು ತಿಂಗಳಿದೆ.