ಮುಡಿ ಕಟ್ಟಿದ ಕೈಗಳು

ನೂರು ವರ್ಷದ ಹಿಂದಿನ ಮಂಜೇಶ್ವರದಲ್ಲಿ ಯಾರ ಮನೆಯವರು ಏನು ಮಾಡುತ್ತಿದ್ದರು? ಆಗ ಇದು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಕಡಲತೀರದ ಕಡಪ್ಪುರದಲ್ಲಿ ಬಲೆ ಎಳೆಯುವ ಮೊಗವೀರರು, ತಾಳೆ ಏರಿ ಕಳ್ಳು ಇಳಿಸುವ ಮೂರ್ತೆಯ ಬಿಲ್ಲವರು, ಪೇಟೆಯಲ್ಲಿ ಕೊಂಕಣಿಗರ ಅಂಗಡಿ, ಬ್ಯಾರಿಗಳ ವ್ಯಾಪಾರ, ಒಳನಾಡಿನಲ್ಲಿ ಹವ್ಯಕರ ಅಡಿಕೆ ತೋಟ. ಗದ್ದೆ ಮಾಡುವವರಲ್ಲಿ ಹೆಚ್ಚಿನವರು ಚಾಲಗೇಣಿ ಒಕ್ಕಲು. ಧಣಿ ಬಿಡು ಎಂದರೆ ಬಿಡಬೇಕು. ಗೇಣಿ ಸಲ್ಲುತ್ತಿದ್ದದ್ದು ಅಕ್ಕಿಮುಡಿಯ ಲೆಕ್ಕದಲ್ಲಿ. ಅಕ್ಕಿಗೆ ಬೈಹುಲ್ಲು ಸುತ್ತಿ, ಹಗ್ಗ ಬಿಗಿದು, ಒಂದು ಕಾಳೂ ಸೋರದಂತೆ ಮುಡಿ ಕಟ್ಟುವುದು ಎಂಥ ಕಸುಬು! ಅದನ್ನು ಬಲ್ಲವರು ಈಗ ಬೆರಳೆಣಿಕೆಯಷ್ಟು.

ನನ್ನನ್ನು ಹೆಚ್ಚು ಕಾಡುವುದು ಹೆಂಗಸರು. ನೇಜಿ ನೆಟ್ಟರು, ಭತ್ತ ಬೇಯಿಸಿ ಕುಟ್ಟಿದರು, ಮೀನಿನ ಬುಟ್ಟಿ ಹೊತ್ತು ಮೈಲಿಗಟ್ಟಲೆ ನಡೆದರು. ಹಳೆಯ ಪತ್ರಗಳಲ್ಲಿ ಹುಡುಕಿದರೆ ಸಿಗುವುದು ಧಣಿಗಳ ಹೆಸರು, ಸರ್ವೆ ನಂಬರು. ಈ ಹೆಂಗಸರ ದುಡಿಮೆಗೆ ಅಲ್ಲಿ ಒಂದು ಸಾಲೂ ಇಲ್ಲ. ಇದು ಅನ್ಯಾಯ.

ಕವಿ ಗೋವಿಂದ ಪೈಗಳ ಮನೆ ‘ಗಿಳಿವಿಂಡು’ ಎಂಬ ಸ್ಮಾರಕವಾಗಿ ಉಳಿಯಿತು, ಸಂತೋಷ. ಉಳಿದ ಮನೆಗಳ ಕತೆ ಅಜ್ಜಿಯರ ನಾಲಗೆಯಲ್ಲಷ್ಟೇ ಇದೆ. ಈ ಭಾನುವಾರ ಅವರ ಪಕ್ಕ ಕುಳಿತು ಕೇಳಿ. ಮನೆಯ ಹೆಸರು, ಮಾಡಿದ ಕೆಲಸ, ಕೊಟ್ಟ ಗೇಣಿ ಎಷ್ಟು ಮುಡಿ, ಎಲ್ಲವನ್ನೂ ಬರೆದಿಡಿ.