ಪ್ರಾಯೋಜಕರು ಬಾಗಿಲಿಗೆ ಬಂದಾಗ

ಯಕ್ಷಗಾನದ ಬಯಲಾಟಕ್ಕೆ ಹಣ ಹಾಕುವವರು ಬೇರೆ, ಕುಣಿಯುವವರು ಬೇರೆ ಎಂಬುದು ನಮ್ಮ ಕಾಸರಗೋಡಿನಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಹರಕೆಯ ಆಟವಾದರೆ ಆಡಿಸುವ ಮನೆಯವರ ಹೆಸರು ಕರಪತ್ರದಲ್ಲಿಯೇ ಅಚ್ಚಾಗಿರುತ್ತದೆ. ಅದರಲ್ಲಿ ಗುಟ್ಟೇನೂ ಇಲ್ಲ. ಈ ವಾರ್ಷಿಕ ಸಂಚಿಕೆಯ ಕೊನೆಯ ಪುಟಗಳಲ್ಲಿ ಬರುವ ಅಂಗಡಿಗಳ ಜಾಹೀರಾತೂ ಹಾಗೆಯೇ. ಅದನ್ನು ಮುಖ್ಯೋಪಾಧ್ಯಾಯರ ಹಿತವಚನವೆಂದು ಯಾರೂ ಓದುವುದಿಲ್ಲ.

ಇಂದು ಮೊಬೈಲು ಹಿಡಿದ ಯಾರು ಬೇಕಾದರೂ ತಮ್ಮದೇ ಒಂದು ರಂಗಸ್ಥಳವನ್ನು ಕಟ್ಟಿಕೊಳ್ಳಬಹುದು. ಪತ್ರೊಡೆ ಮಾಡುವ ವಿಧಾನ, ಅಡಿಕೆ ತೋಟದ ಕೆಲಸ, ತಾಳಮದ್ದಳೆಯ ಅರ್ಥಗಾರಿಕೆ ಹೀಗೆ ನಮ್ಮ ಊರವರೇ ಕನ್ನಡದಲ್ಲಿ ವಿಡಿಯೋ ಮಾಡಿ ಯೂಟ್ಯೂಬಿಗೂ ಇನ್‌ಸ್ಟಾಗ್ರಾಮಿಗೂ ಹಾಕುತ್ತಿದ್ದಾರೆ. ನೋಡುಗರು ಕೆಲವು ಸಾವಿರವಾದೊಡನೆ, 'ನಮ್ಮ ವಸ್ತುವಿನ ಬಗ್ಗೆ ಎರಡು ಮಾತು ಹೇಳಿ, ಹಣ ಕೊಡುತ್ತೇವೆ' ಎಂಬ ಪತ್ರಗಳು ಬರತೊಡಗುತ್ತವೆ. ಇವುಗಳಲ್ಲಿ ಕಾಳು ಯಾವುದು, ಜೊಳ್ಳು ಯಾವುದು? ಈ ಶಾಲೆಯ ಹಳೆ ವಿದ್ಯಾರ್ಥಿಗಳಾದ ನಾವು ನಾಲ್ವರು ಭಾನುವಾರಗಳಲ್ಲಿ ಒಟ್ಟುಗೂಡಿ, ಕೇಳಿಬಂದವರ ಪತ್ರಗಳನ್ನು ಅವರೊಂದಿಗೆ ಕುಳಿತು ಓದುತ್ತೇವೆ. ಆ ಅನುಭವದಿಂದ ತಿಳಿದುದನ್ನು ಇಲ್ಲಿ ಬರೆದಿದ್ದೇವೆ.

ಪತ್ರ ಬರೆದವರು ಯಾರು ಎಂಬುದನ್ನು ನಾವು ಮೊದಲು ನೋಡುತ್ತೇವೆ. ದೊಡ್ಡ ಕಂಪೆನಿಯ ಹೆಸರು ಹೇಳಿ, ಪತ್ರವನ್ನು ಮಾತ್ರ ಯಾವುದೋ ಸಾಮಾನ್ಯ ವಿಳಾಸದಿಂದ ಕಳುಹಿಸುವವರುಂಟು. ಆಗ ಕಂಪೆನಿಯ ಸ್ವಂತ ಜಾಲತಾಣದಲ್ಲಿರುವ ಸಂಖ್ಯೆಗೆ ಕರೆ ಮಾಡಿ ವಿಚಾರಿಸಬೇಕು. 'ಮೊದಲು ನೋಂದಣಿ ಶುಲ್ಕ ಕಟ್ಟಿ' ಎಂದವರನ್ನು ಅಲ್ಲಿಗೇ ಬಿಟ್ಟುಬಿಡಬೇಕು. ಕೆಲಸ ಮಾಡಿಸುವವನು ಕೂಲಿ ಕೊಡಬೇಕೇ ಹೊರತು ಕೂಲಿಯವನಿಂದ ಹಣ ಕೇಳುವುದುಂಟೇ? ಪತ್ರದೊಂದಿಗೆ ಬಂದ ಫೈಲನ್ನು ಅವಸರದಲ್ಲಿ ತೆರೆಯುವುದೂ ಅಪಾಯ. ಸುಳ್ಳು ಪ್ರಾಯೋಜಕರು ಕಳುಹಿಸಿದ ತಂತ್ರಾಂಶದ ಮೂಲಕ ಯೂಟ್ಯೂಬ್ ಚಾನೆಲುಗಳನ್ನೇ ಕದಿಯುವ ಬಗೆಯನ್ನು ಗೂಗಲ್ ಸಂಸ್ಥೆಯೇ 2021ರಲ್ಲಿ ವಿವರವಾಗಿ ಪ್ರಕಟಿಸಿತ್ತು.

ಅನಂತರದ್ದು ಲೆಕ್ಕ. ಒಂದು ವಿಡಿಯೋಕ್ಕೆ 4,000 ರೂಪಾಯಿ ಎಂದರೆ ಕೇಳಲು ಹಿತ. ಆದರೆ ಸಾಮಾನಿಗೆ 600, ವಿಡಿಯೋ ಜೋಡಿಸುವ ಹುಡುಗನಿಗೆ 1,000 ಕಳೆದರೆ ಉಳಿಯುವುದು 2,400. ಕೆಲಸ ಎರಡು ದಿನದ್ದು. ದಿನಕ್ಕೆ 1,200 ಆಯಿತು. ಇಷ್ಟಕ್ಕೆ ಒಪ್ಪಬಹುದೇನೋ. ಆದರೆ ಒಪ್ಪಂದದ ಕೆಳಗೆ, 'ಈ ವಿಡಿಯೋವನ್ನು ನಾವು ಎಲ್ಲಿ ಬೇಕಾದರೂ, ಎಷ್ಟು ಕಾಲವಾದರೂ ಬಳಸಬಹುದು. ಆರು ತಿಂಗಳು ನೀವು ಬೇರೆ ಯಾರ ಜಾಹೀರಾತನ್ನೂ ಮಾಡುವಂತಿಲ್ಲ' ಎಂದು ಸಣ್ಣ ಅಕ್ಷರದಲ್ಲಿ ಇದ್ದರೆ ಲೆಕ್ಕವೇ ಬೇರೆಯಾಗುತ್ತದೆ. ನಮ್ಮ ಮುಖವನ್ನು ವರ್ಷಗಟ್ಟಲೆ ಬಳಸುವುದಕ್ಕೂ ಬೆಲೆಯಿದೆ, ನಮ್ಮ ಬಾಯಿ ಕಟ್ಟಿಹಾಕುವುದಕ್ಕೂ ಬೆಲೆಯಿದೆ. ಅವಧಿ ಎಷ್ಟು, ಎಷ್ಟು ಸಲ ತಿದ್ದಿಕೊಡಬೇಕು, ಮುಂಗಡ ಎಷ್ಟು, ಉಳಿದ ಹಣ ಎಷ್ಟು ದಿನದಲ್ಲಿ ಬರುತ್ತದೆ ಎಂಬುದೆಲ್ಲ ಬರಹದಲ್ಲಿರಬೇಕು. ಬಾಯಿಮಾತಿನ ಭರವಸೆ ಹಣ ಕೇಳುವ ದಿನ ನೆರವಿಗೆ ಬರುವುದಿಲ್ಲ.

ಕಾನೂನನ್ನೂ ಮರೆಯುವಂತಿಲ್ಲ. ಹಣವನ್ನೋ ಉಚಿತ ವಸ್ತುವನ್ನೋ ಪಡೆದು ಹೊಗಳಿದರೆ, ಇದು ಜಾಹೀರಾತು ಎಂದು ನೋಡುಗರಿಗೆ ಸ್ಪಷ್ಟವಾಗಿ ತಿಳಿಸಬೇಕು, ತಾವು ಬಳಸಿ ನೋಡದ ವಸ್ತುವನ್ನು ಹೊಗಳಬಾರದು ಎಂದು ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 2023ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿ ಹೇಳುತ್ತದೆ. ದಾರಿತಪ್ಪಿಸುವ ಜಾಹೀರಾತಿಗೆ ದನಿಗೂಡಿಸಿದವರಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ 10 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಪ್ರಚಾರಕ್ಕೆಂದು ಕೊಟ್ಟು ನಮ್ಮಲ್ಲೇ ಉಳಿಯುವ ವಸ್ತುಗಳ ಬೆಲೆ ವರ್ಷಕ್ಕೆ 20,000 ರೂಪಾಯಿ ಮೀರಿದರೆ ಶೇಕಡಾ 10 ತೆರಿಗೆಯನ್ನು ಮೂಲದಲ್ಲೇ ಹಿಡಿಯುವ ನಿಯಮವೂ 2022ರ ಜುಲೈ 1ರಂದು ಜಾರಿಗೆ ಬಂದಿದೆ. ಆದುದರಿಂದ ಉಡುಗೊರೆಯನ್ನೂ ಆದಾಯವೆಂದೇ ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು.

ಇಷ್ಟೆಲ್ಲ ತಿಳಿದ ಮೇಲೂ ಕಷ್ಟದ ಘಳಿಗೆಯೊಂದು ಬಂದೇ ಬರುತ್ತದೆ. ಅಡುಗೆಯ ವಿಡಿಯೋ ಮಾಡುವ ನಮ್ಮ ನೆರೆಯ ಅಕ್ಕನೊಬ್ಬರಿಗೆ ಹಣ ಕಟ್ಟಿ ಆಡುವ ಮೊಬೈಲ್ ಆಟದವರಿಂದ ಕರೆ ಬಂತು. ಅರ್ಧ ನಿಮಿಷದ ಮಾತಿಗೆ ಅವರು ಕೊಡುತ್ತೇನೆಂದ ಮೊತ್ತವು ಅಕ್ಕನ ಮಗನ ಕಾಲೇಜಿನ ಬಾಕಿ ಶುಲ್ಕಕ್ಕೆ ಸರಿಹೋಗುತ್ತಿತ್ತು. ಹಣವಿಟ್ಟು ಆಡುವ ಇಂತಹ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿದುದನ್ನು ನಾವು ತಿಳಿಸಿದೆವು. ಅಕ್ಕ ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು. ಆಮೇಲೆ, "ಕಾನೂನು ಹಾಗಿರಲಿ. ನನ್ನ ಮಾತು ಕೇಳಿ ಆಚೆಮನೆಯ ಹುಡುಗ ದುಡ್ಡು ಕಳಕೊಂಡರೆ, ನಾಳೆ ಬಾವಿಕಟ್ಟೆಯಲ್ಲಿ ಅವನ ಅಮ್ಮನ ಮುಖವನ್ನು ನಾನು ಹೇಗೆ ನೋಡಲಿ?" ಎಂದರು. ನಮ್ಮ ನಾಲ್ವರ ಓದಿಗೆ ಹೊಳೆಯದ ಮಾತದು. ಶುಲ್ಕವನ್ನು ಅವರು ಸಂಘದಲ್ಲಿ ಸಾಲ ಮಾಡಿ ಕಟ್ಟಿದರು. ಆ ಸಾಲ ಇನ್ನೂ ತೀರಿಲ್ಲ. ಮುಂದೆ ಗಾಣದ ಎಣ್ಣೆಯವರೊಬ್ಬರು ಬಂದಾಗ ಅಕ್ಕ ಎಣ್ಣೆಯನ್ನು ಒಂದು ತಿಂಗಳು ಬಳಸಿ ನೋಡಿ, ಅರ್ಧ ಹಣ ಮುಂಗಡ ಪಡೆದು, ವಿಡಿಯೋದ ಮೊದಲಲ್ಲೇ 'ಇದು ಜಾಹೀರಾತು' ಎಂದು ಹೇಳಿ ಕೆಲಸ ಮಾಡಿಕೊಟ್ಟರು. ಸಿಕ್ಕಿದ್ದು ಕಡಿಮೆ. ಆದರೆ ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿ ಬರಲಿಲ್ಲ.

ವಿದ್ಯಾರ್ಥಿ ಮಿತ್ರರಿಗೂ ಒಂದು ಮಾತು. ಹದಿನೆಂಟು ತುಂಬದವರು ಮಾಡಿಕೊಂಡ ಒಪ್ಪಂದಕ್ಕೆ ನಮ್ಮ ದೇಶದ ಕಾನೂನಿನಲ್ಲಿ ಬೆಲೆಯಿಲ್ಲ. ಆದುದರಿಂದ ಪತ್ರ ಬಂದೊಡನೆ ಉತ್ತರ ಬರೆಯದೆ ಅಪ್ಪನಿಗೋ ಅಮ್ಮನಿಗೋ ತೋರಿಸಿ. ಹೆತ್ತವರೇ, ಮಕ್ಕಳು ತಂದು ತೋರಿಸಿದಾಗ ಗದರಬೇಡಿ. ಗದರಿದರೆ ಮುಂದಿನ ಪತ್ರವನ್ನು ಅವರು ತೋರಿಸಲಾರರು. ನಿಮಗೆ ಅರ್ಥವಾಗದಿದ್ದರೆ ಬಲ್ಲವರಲ್ಲಿ ಕೇಳಿ.

ದೊಡ್ಡ ತಾರೆಯರಿಗೆ ಲಕ್ಷಗಟ್ಟಲೆ ನೋಡುಗರಿದ್ದಾರೆ. ಅವರಲ್ಲಿ ಯಾರ ಮುಖವನ್ನೂ ಅವರು ನೋಡಬೇಕಾಗಿಲ್ಲ. ನಮ್ಮಂತಹ ಸಣ್ಣವರ ನೋಡುಗರಾದರೋ ನೆರೆಕರೆಯವರು, ನೆಂಟರಿಷ್ಟರು. ಅವರು ನಮ್ಮ ಮೇಲಿಟ್ಟ ನಂಬಿಕೆಗಾಗಿಯೇ ಪ್ರಾಯೋಜಕರು ನಮ್ಮ ಬಾಗಿಲಿಗೆ ಬರುವುದು. ಹಣ ಇಂದಲ್ಲದಿದ್ದರೆ ನಾಳೆ ಬಂದೀತು, ಮಾತು ಹೋದರೆ ಮರಳಿ ಬರದು.